ಎಲ್ಲರ ಅಂಗಳದ ಬೇವು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರಿಗೆ ಕೇಳುವ ಮೊದಲ ಪ್ರಶ್ನೆ ಹುಡುಗನ ಸಂಬಳದ್ದಲ್ಲ. ನಿಮ್ಮ ಮನೆಯ ಹತ್ತಿರ ಒಂದು ಗಿಡ ಹಚ್ಚುವಷ್ಟು ಮಣ್ಣು ಇದೆಯೇ ಎಂದು ಕೇಳುತ್ತಾರೆ. ಇದೆ ಎಂದರೆ ಚಹಾ ಬರುತ್ತದೆ. ಇಲ್ಲ, ನಾವು ಮೂರನೇ ಮಹಡಿಯಲ್ಲಿರುತ್ತೇವೆ ಎಂದರೆ ನೀರು ಕೊಟ್ಟು ಕಳಿಸುತ್ತಾರೆ. ಊರೆಲ್ಲ ಹಾಸುಬಂಡೆ. ಒಂದು ಗೇಣು ಅಗೆದರೆ ಕಲ್ಲು, ಆ ಕಲ್ಲಿನ ಕೆಳಗೆ ಇನ್ನೂ ದೊಡ್ಡ ಕಲ್ಲು. ಇಲ್ಲಿ ಹುಲ್ಲು ಕೂಡ ಒಲ್ಲದ ಮನಸ್ಸಿನಿಂದ ಹುಟ್ಟುತ್ತದೆ. ಹಾಗಾಗಿ ಮದುವೆಯಾಗಿ ಹೋದ ಮಗಳು ಗಂಡನ ಊರಿನಲ್ಲಿ ಗಿಡ ಹಚ್ಚಿ, ಬುಡಕ್ಕೆ ಮೊದಲ ನೀರು ಹಾಕುವಾಗ ತವರಿನ ಒಬ್ಬರ ಹೆಸರು ಹೇಳುತ್ತಾಳೆ. ಆ ಹೆಸರಿನವರ ಅಂಗಳದಲ್ಲಿ ಗಿಡದ ನೆರಳು ಬೀಳುತ್ತದೆ. ಗಿಡ ಅಲ್ಲಿ, ನೆರಳು ಇಲ್ಲಿ. ಮೊದಲು ಅಂಗೈಯಷ್ಟು, ಆಮೇಲೆ ಮೊರದಷ್ಟು, ವರ್ಷಗಳು ಕಳೆದಂತೆ ಮನೆಮಂದಿಯೆಲ್ಲ ಕುಳಿತು ಉಣ್ಣುವಷ್ಟು.

ಇದರಿಂದಾಗಿ ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಪೇಢೆ ಹಂಚುತ್ತಾರೆ, ಗಂಡು ಹುಟ್ಟಿದರೆ ಬಾಣಂತಿಗೆ ಸಮಾಧಾನ ಹೇಳಿ ಬರುತ್ತಾರೆ. ಬರೀ ಗಂಡು ಹೆತ್ತವರ ಮನೆಯನ್ನು ದೂರದಿಂದಲೇ ಗುರುತಿಸಬಹುದು. ಅಂಗಳದಲ್ಲಿ ನರಪಿಳ್ಳೆ ಇರುವುದಿಲ್ಲ, ಎಲ್ಲರೂ ಒಳಗೆ ಬೀಸಣಿಕೆ ಹಿಡಿದು ಒಬ್ಬರ ಮೇಲೊಬ್ಬರು ಸಿಡುಕುತ್ತಿರುತ್ತಾರೆ. ನೆರಳಿನ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ಶಿಸ್ತೂ ಇದೆ. ಬೇರೆಯವರ ಮನೆಯ ನೆರಳನ್ನು ದಿಟ್ಟಿಸಿ ನೋಡಬಾರದು. ಗಿಡದ ಟೊಂಗೆಗೆ ನೇತುಹಾಕಿದ್ದರ ನೆರಳೂ, ಗಿಡದ ಅಂಚಿಗೆ ಬಂದು ನಿಂತವರ ನೆರಳೂ ಜೊತೆಗೇ ಬರುತ್ತದಲ್ಲ, ಅದು ಅವರ ಮಗಳ ಸಂಸಾರ. ತೊಟ್ಟಿಲು ಕಟ್ಟಿದ್ದಾಳೋ ಇಲ್ಲವೋ, ಹರಿದ ಸೀರೆ ಉಟ್ಟಿದ್ದಾಳೋ ಹೊಸದೋ, ಎಲ್ಲ ಕಾಣುತ್ತದೆ. ಆದ್ದರಿಂದ ಆಳೆತ್ತರದ ಕಲ್ಲಿನ ಗೋಡೆ, ಮತ್ತು ಒಳಗೆ ಬಂದವರು ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುವ ಪದ್ಧತಿ. ಈ ಸಭ್ಯತೆಯೇ ಕಡೆಗೆ ನಮಗೆ ಮುಳುವಾಯಿತು.

ನಾನು ಹೊರಸು ಹೆಣೆಯುವವನು, ಹೆಸರು ಭರಮಪ್ಪ. ಜೋತುಬಿದ್ದ ಮಂಚಕ್ಕೆ ಹೊಸ ಹಗ್ಗ ಹಾಕಿ ಬಿಗಿದು ಕೊಡುತ್ತೇನೆ. ಈ ಕೆಲಸ ಅಂಗಳದಲ್ಲೇ ಆಗಬೇಕು. ಒಳಗೆ ಕಾಲು ಕೊಟ್ಟು ಹಗ್ಗ ಎಳೆಯಲು ಜಾಗ ಸಾಲುವುದಿಲ್ಲ. ನೆರಳು ಸರಿದಂತೆ ನಾನೂ ಹೊರಸನ್ನು ಸರಿಸಿಕೊಳ್ಳುತ್ತ ದಿನ ಕಳೆಯುತ್ತೇನೆ. ನಮ್ಮಂಗಳದ ನೆರಳು ನನ್ನ ಅಕ್ಕ ಸಾವಂತ್ರೆವ್ವನದು. ಅವ್ವ ತೀರಿಕೊಂಡಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಉಣಿಸಿ, ಮೀಯಿಸಿ, ಬೈದು, ಮಲಗಿಸಿ ನನ್ನನ್ನು ಮನುಷ್ಯನನ್ನಾಗಿ ಮಾಡಿದವಳು ಅಕ್ಕ. ಅವಳು ಭಜನಾ ಮಂಡಳಿಯ ಹಾರ್ಮೋನಿಯಂ ರಿಪೇರಿಗೆ ಬಂದಿದ್ದ ಒಬ್ಬನ ಜೊತೆ ಹೇಳದೆ ಕೇಳದೆ ಹೋದಳು. ಅವನ ಊರು ಯಾವುದು, ಜನ ಯಾರು, ಒಬ್ಬರಿಗೂ ಗೊತ್ತಿರಲಿಲ್ಲ. ಹಾರ್ಮೋನಿಯಂ ಮಾತ್ರ ಚೆನ್ನಾಗಿ ರಿಪೇರಿಯಾಗಿತ್ತು. ಅವಳ ಹೆಸರನ್ನು ಮನೆಯಲ್ಲಿ ಎತ್ತಕೂಡದು ಎಂದು ಅಪ್ಪ ಹೇಳಿದ. ನಾವು ಎತ್ತಲಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ, ನಾನು ಅಂಗಳದಲ್ಲಿ ಕೂತು ಹರಳು ಆಡುತ್ತಿದ್ದಾಗ, ನನ್ನ ಮಗ್ಗುಲಿಗೇ ಅಂಗೈಯಷ್ಟು ನೆರಳು ಕಂಡಿತು. ಗರಗಸದ ಅಂಚಿನ ಪುಟ್ಟ ಎಲೆಗಳು. ಬೇವಿನ ಸಸಿ. ನಾನು ಅದನ್ನು ಎತ್ತಿಕೊಳ್ಳಲು ನೋಡಿದೆ. ಅಪ್ಪ ಹೊರಗೆ ಬಂದು ಬಹಳ ಹೊತ್ತು ನಿಂತ. ಬುಡಕ್ಕೆ ನೀರು ಹಾಕುವಾಗ ಅಕ್ಕ ಅಪ್ಪನ ಹೆಸರು ಹೇಳಿರಲಿಲ್ಲ, ನನ್ನ ಹೆಸರು ಹೇಳಿದ್ದಳು. ನನ್ನ ಮಗ್ಗುಲಿಗೆ ಬಿದ್ದದ್ದರಿಂದಲೇ ಅದು ಗೊತ್ತಾಗುತ್ತಿತ್ತು. ಅಪ್ಪ ಬಯ್ಯಲಿಲ್ಲ. ಒಳಗಿನಿಂದ ಒಂದು ಮಣೆ ತಂದು, ಯಾರೂ ತುಳಿಯದಿರಲಿ ಎಂದು ಅದರ ಪಕ್ಕಕ್ಕೆ ಅಡ್ಡ ಇಟ್ಟ.

ಅಲ್ಲಿಂದ ಮುಂದೆ ಅಕ್ಕ ಎಲ್ಲಿದ್ದಾಳೆ ಎಂದು ನಮಗೆ ಗೊತ್ತಿರಲಿಲ್ಲ, ಇದ್ದಾಳೆ ಎಂದು ಗೊತ್ತಿತ್ತು. ಗಿಡ ಬೆಳೆಯಿತು. ಒಂದು ವರ್ಷ ಟೊಂಗೆಗೆ ಸೀರೆಯ ತೊಟ್ಟಿಲು ಬಿತ್ತು. ಅಪ್ಪ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಬೆಲ್ಲ ತಂದ. ತೊಟ್ಟಿಲು ಹೋಗಿ ಜೋಕಾಲಿ ಬಂತು, ಜೋಕಾಲಿಯೂ ಹೋಯಿತು. ದಿನಾ ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಅಕ್ಕ ಗಿಡದ ಅಂಚಿಗೆ ಬಂದು ಕೆಳಗಿನ ಟೊಂಗೆಗೆ ಒದ್ದೆ ಸೀರೆ ಹರವುತ್ತಿದ್ದಳು. ಅವಳ ಮೈಯ ನೆರಳು ಎಲೆಯ ನೆರಳಿನಲ್ಲಿ ಕಲೆಸಿಹೋಗುತ್ತಿತ್ತು. ಕೈ ಮಾತ್ರ ಅಂಚಿನಾಚೆ ಬಂದು ಕಲ್ಲಿನ ಮೇಲೆ ಸ್ಪಷ್ಟವಾಗಿ ಬೀಳುತ್ತಿತ್ತು, ಬಾಗಿಲ ಸಂದಿಗೆ ಸಿಕ್ಕು ಡೊಂಕಾಗಿದ್ದ ಕಿರುಬೆರಳಿನ ಸಮೇತ. ನಾನು ಅಷ್ಟು ಹೊತ್ತಿಗೆ ಏನೇ ಕೆಲಸವಿದ್ದರೂ ಬಿಟ್ಟು, ಆ ಕೈಯ ಮೇಲೆ ನನ್ನ ಕೈ ಇಡುತ್ತಿದ್ದೆ. ಮೀಸೆ ಬಂದ ಮೇಲೂ ಇಟ್ಟೆ, ಮದುವೆಯಾದ ಮೇಲೂ ಇಟ್ಟೆ, ತಲೆ ನರೆತ ಮೇಲೂ ಇಟ್ಟೆ. ಹೆಂಡತಿ ನೀಲವ್ವ ಮೊದಮೊದಲು ನಗುತ್ತಿದ್ದಳು, ಆಮೇಲೆ ಆ ಹೊತ್ತಿಗೆ ಅಂಗಳಕ್ಕೆ ಬರುವುದನ್ನೇ ಬಿಟ್ಟಳು. ಒಂದು ವರ್ಷ ಆ ಕೈಯಲ್ಲಿ ಬಳೆಯ ನೆರಳು ಕಾಣಲಿಲ್ಲ. ಅಂದು ನಾನು ಹಗ್ಗ ಮುಟ್ಟಲಿಲ್ಲ. ಸ್ನಾನ ಮಾಡಿ ಬಂದು, ಮುಖ ನೋಡದ ಭಾವನಿಗಾಗಿ ಸುಮ್ಮನೆ ಕುಳಿತೆ.

ಎಲೆ ಸೋಪು ಊರಿಗೆ ಬಂದದ್ದು ಒಂದು ಕೆಟ್ಟ ಬೇಸಿಗೆಯಲ್ಲಿ. ಹಸಿರು ಕಾಗದ, ಅದರ ಮೇಲೊಂದು ಎಲೆಯ ಚಿತ್ರ. ಸೋಪು ಕೊಂಡು ಹೆಸರು ಬರೆಸಿದರೆ ಕಂಪನಿಯವರು ಎಲ್ಲೋ ದೂರದ ಕಾಡಿನಲ್ಲಿ ನಿಮ್ಮ ಹೆಸರು ಹೇಳಿ ಒಂದು ಗಿಡ ಹಚ್ಚುತ್ತಾರಂತೆ, ಭೂಮಿ ತಂಪಾಗುತ್ತದಂತೆ. ಮಾರಲು ತಂದವನು ನನ್ನ ಜೊತೆ ಶಾಲೆಗೆ ಹೋಗಿದ್ದ ಗುರುಪಾದ. ಅವನು ಬ್ರಹ್ಮಚಾರಿ, ಒಂಟಿ ಮನೆ, ನೆರಳಿನ ಮುಖ ಕಂಡವನಲ್ಲ. ಸುಳ್ಳು ಹೇಳಲು ಬಾರದವನು ಎಂದು ಊರೆಲ್ಲ ಅವನನ್ನು ಸ್ವಲ್ಪ ಪಾಪದವನ ಲೆಕ್ಕಕ್ಕೆ ಹಿಡಿದಿತ್ತು. ಮೊದಲ ಸೋಪನ್ನು ಅವನೇ ಕೊಂಡ, ಮೊದಲ ಹೆಸರು ಅವನದೇ. ವಾರ ಕಳೆಯುವಷ್ಟರಲ್ಲಿ ಅವನ ಅಂಗಳದಲ್ಲಿ ಕಪ್ಪು ನೆರಳು ಬಿತ್ತು. ಅವನು ಬೀದಿಗೆ ಬಂದು ಚಪ್ಪಲಿ ಕೂಡ ಇಲ್ಲದೆ ನಿಂತುಕೊಂಡು, ಬಂತು, ಬಂತು ಎಂದು ಕೂಗಿದ.

ಒಂದು ವಿಷಯ ನಮಗೆಲ್ಲ ಗೊತ್ತಿರಲೇಬೇಕಿತ್ತು. ಹೊಸದಾಗಿ ಹಚ್ಚಿದ ಗಿಡದ ನೆರಳು ಅಂಗೈಯಷ್ಟಿರಬೇಕು. ಗುರುಪಾದನ ಮನೆಯಲ್ಲಿ ಬಿದ್ದದ್ದು ಮದುವೆಯ ಚಪ್ಪರದಷ್ಟು. ಊರಿನ ಪ್ರತಿಯೊಬ್ಬ ಮುದುಕಿಗೂ ಈ ಲೆಕ್ಕ ಗೊತ್ತು. ಆದರೆ ಕೇಳಿದರೆ ಅವರೇ, "ಅದು ಕಂಪನಿ ಗಿಡ ಅಲ್ಲೇನಪಾ, ಗೊಬ್ಬರ ಗಿಬ್ಬರ ಹಾಕಿ ಬೆಳಸಿರ್ತಾರ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಬಿಸಿಲಲ್ಲಿ ಬೆಂದವರಿಗೆ ತಂಪು ಸಿಕ್ಕಾಗ ಅದರ ಹುಟ್ಟುಜಾತಕ ಯಾರು ಕೇಳುತ್ತಾರೆ? ಅದಲ್ಲದೆ ನೆರಳು ಎಂಬುದು ನಮಗೆ ಅಲ್ಲಿಯವರೆಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಗಂಡುಮಕ್ಕಳ ಮನೆಯವರು, ಮಕ್ಕಳಿಲ್ಲದವರು, ಮೂರನೇ ಮಹಡಿಗೆ ಮಗಳನ್ನು ಕೊಟ್ಟು ಕೈ ಸುಟ್ಟುಕೊಂಡವರು, ಎಲ್ಲರೂ ಸೋಪು ಕೊಂಡರು. ಒಂದೊಂದೇ ಗೋಡೆಯೊಳಗೆ ತಂಪು ಇಳಿಯಿತು. ಊರು ಮೊದಲ ಬಾರಿಗೆ ಮಧ್ಯಾಹ್ನ ಹೊರಗೆ ಕೂತು ಹರಟೆ ಹೊಡೆಯಿತು. ನಾನು ಕೊಳ್ಳಲಿಲ್ಲ. ನನಗೆ ಅಕ್ಕನ ಬೇವು ಇತ್ತು, ಇನ್ನೊಂದರ ದುರಾಸೆ ಬೇಡವೆನಿಸಿತು.

ನಮ್ಮಂಗಳದ ನೆರಳು ತೆಳುವಾಗುತ್ತಿದೆ ಎಂದು ಮೊದಲು ಹೇಳಿದವಳು ನೀಲವ್ವ. ನೀರು ಕುಡಿಯಲು ತಂದವಳು, "ನಿಮ್ಮ ಬೆನ್ನ ಮ್ಯಾಲೆ ಬಿಸಲ ಬಿದ್ದೈತಲ್ರೀ, ನೆಳ್ಳಾಗ ಕುಂತೀರಿ" ಎಂದಳು. ನಿಜವೇ. ನೆರಳಿನೊಳಗೆ ಕೂತಿದ್ದರೂ ಬೆನ್ನು ಚುರುಗುಟ್ಟುತ್ತಿತ್ತು. ಎಲೆಗಳ ಅಂಚು ಮಸುಕಾಗಿತ್ತು. ಬೇವಿಗೆ ರೋಗ ಬಂತೋ, ಅಕ್ಕನಿಗೇ ಏನಾದರೂ ಆಯಿತೋ ಎಂದು ಹೆದರಿದೆ. ಬೆಳಿಗ್ಗೆ ಕೈ ಬರುತ್ತಿತ್ತು, ಆದರೆ ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ ಬರುತ್ತಿತ್ತು.

ಅದೇ ಹೊತ್ತಿಗೆ ನಾನು ಫಕೀರವ್ವನ ಮನೆಗೆ ಹೊರಸು ಕೊಡಲು ಹೋದೆ. ಆಕೆ ನಮ್ಮ ಓಣಿಯ ಹಿರಿಯಳು. ಹೆತ್ತದ್ದೆಲ್ಲ ಗಂಡು, ಎಲ್ಲರೂ ದೊಡ್ಡವರಾಗಿ ಅವಳೆದುರು ಜಗಳಾಡಿಕೊಂಡು ಅಕ್ಕಪಕ್ಕದಲ್ಲೇ ಬೇರೆ ಬೇರೆ ಒಲೆ ಹೂಡಿದ್ದರು. ನಾನು ಎಂದಿನಂತೆ ಹೊರಸನ್ನು ತಲೆಯ ಮೇಲೆ ಕವುಚಿಕೊಂಡು, ನೆಲ ನೋಡುತ್ತ ಒಳಗೆ ಹೋದೆ. ಅವಳು ಜಂಬದಿಂದ, "ಇಲ್ಲೆ ತಾರಪಾ, ನನ್ನ ನೆಳ್ಳಾಗ ಹಾಕು. ನೋಡು, ಕಣ್ಣ ತುಂಬ ನೋಡು. ನಾನಽ ಹೇಳಾಕತ್ತೀನಲ್ಲ" ಎಂದಳು. ಮನೆಯವರೇ ಕರೆದು ತೋರಿಸಿದರೆ ನೋಡುವುದು ತಪ್ಪಲ್ಲ. ನಾನು ತಲೆ ಎತ್ತಿದೆ.

ಬೇವು. ಎಡಕ್ಕೆ ಮುರಿದ ಟೊಂಗೆ, ಅದರ ಮೇಲೆ ಹಳೆಯ ಗೂಡು. ಗಾಳಿಗೆ ಗೂಡಿನಿಂದ ಒಂದು ಕಡ್ಡಿ ಜೋತಾಡುತ್ತಿತ್ತು. ಆ ಕಡ್ಡಿಯನ್ನು ನಾನು ಬೆಳಿಗ್ಗೆಯಷ್ಟೇ ನಮ್ಮ ಮನೆಯಲ್ಲಿ ನೋಡಿದ್ದೆ. ಇನ್ನೇನು ಇದು ನನ್ನ ಕಣ್ಣಿನ ದೋಷ ಅಂದುಕೊಳ್ಳುವಷ್ಟರಲ್ಲಿ ಅಂಚಿನಾಚೆ ಆ ಕೈ ಬಂತು. ಅಂದು ಆಗಾಗ ಮೋಡ ಕವಿಯುತ್ತಿದ್ದುದರಿಂದ ಅಕ್ಕ ತಡವಾಗಿ ಬಟ್ಟೆ ಒಗೆದಿರಬೇಕು. ಡೊಂಕು ಕಿರುಬೆರಳು ಟೊಂಗೆಯ ಮೇಲೆ ಸೀರೆಯ ಸೆರಗು ಸರಿಮಾಡಿತು. ಫಕೀರವ್ವ ಕಲ್ಲಿನ ಮೇಲೆ ಕೂತು ಆ ಕೈಯನ್ನೇ ನೋಡುತ್ತ, ಎಂದೂ ಯಾರೊಡನೆಯೂ ಆಡದ ಮೆತ್ತನೆಯ ದನಿಯಲ್ಲಿ, "ಬಂದಿ ಏನವ್ವಾ? ಇವತ್ತ್ಯಾಕ ಇಷ್ಟ ತಡಾ?" ಎಂದಳು.

"ಅತ್ತಿ," ಎಂದೆ. "ಇದು ನಮ್ಮಕ್ಕನ ಕೈ."

"ಯಾರ ಕೈ?"

"ಸಾವಂತ್ರಿದು. ಬೆರಳ ನೋಡ್ರಿ. ಇದಽ ಗಿಡ ನಮ್ಮ ಅಂಗಳದಾಗ ಐತಿ. ನಾ ಸಣ್ಣಾವಿದ್ದಾಗಿಂದ ಐತಿ."

ಅವಳ ಮುಖ ಕಪ್ಪಿಟ್ಟಿತು. "ಡೊಂಕ ಬೆರಳ ಈ ಜಗತ್ತಿನ್ಯಾಗ ಒಬ್ಬಾಕಿಗೇ ಇರತೈತೇನೋ? ಇದು ನನ್ನ ಗಿಡಾ ಹಚ್ಚಿದ ಹುಡಿಗಿ ಕೈ. ಕಂಪನ್ಯಾಗ ಕೆಲಸಾ ಮಾಡ್ತಾಳ. ದಿನಾ ಬಂದು ನೀರ ಹಾಕಿ ಹೋಗ್ತಾಳ. ನನಗ ಒಂದ ಹೆಣ್ಣ ಇಲ್ಲಂತ ದೇವರು ಈಗ ಕಣ್ಣ ತೆಗದಾನ, ನಿನಗ ಹೊಟ್ಟಿಕಿಚ್ಚ?"

"ಹಂಗಲ್ಲತ್ತಿ, ನಮ್ಮ ನೆಳ್ಳ ತೆಳ್ಳಗಾಗಾಕತ್ತೈತಿ. ಎಷ್ಟು ಮಂದಿ ಸೋಪ ತಗೋತಾರೋ ಅಷ್ಟು ತೆಳ್ಳಗ..."

"ಮತ್ತೇನ ಮಾಡ್ಲಿ? ಕಸಬರಗಿ ತಗೊಂಡು ಗುಡಿಸಿ ಹಾಕ್ಲೇನು?" ನಮ್ಮಲ್ಲಿ ಬೇಡವಾದ ನೆರಳನ್ನು ಹೊಸ್ತಿಲಿನಾಚೆ ಗುಡಿಸಿಬಿಟ್ಟರೆ ಅದು ಮತ್ತೆ ಬರುವುದಿಲ್ಲ. ಸಂಬಂಧ ಹರಿದ ಮನೆಗಳಲ್ಲಷ್ಟೇ ಹಾಗೆ ಮಾಡುತ್ತಾರೆ, ಅದು ಬಾಯಲ್ಲಿ ಆಡುವ ಮಾತಲ್ಲ. ಫಕೀರವ್ವನ ಕಣ್ಣಲ್ಲಿ ನೀರು ಬಂದಿತ್ತು. "ನಿನಗ ಅಕ್ಕ ಇದ್ದಳಪಾ. ತನ್ನ ಕೈಲೇ ನಿನಗ ತುತ್ತ ಮಾಡಿ ಉಣಿಸ್ಯಾಳ, ನಾ ನೋಡೀನಿ. ನನಗ ಯಾರ ಇದ್ದರು? ನಡಿ, ಹೊರಸ ಇಟ್ಟ ನಡಿ."

ನಾನು ನಡೆದೆ. ಆದರೆ ಸುಮ್ಮನಿರಲಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಾಚಿಕೆ ಬಿಟ್ಟು ಓಣಿಯ ಗೋಡೆಗಳಿಗೆ ಹತ್ತಿ ಇಣುಕಿದೆ. ಒಬ್ಬಳು ನೀರು ಎರಚಿದಳು, ಒಬ್ಬ ಕಲ್ಲು ಎತ್ತಿದ. ಇಣುಕಿದಲ್ಲೆಲ್ಲ ಅದೇ ಮುರಿದ ಟೊಂಗೆ, ಅದೇ ಗೂಡು, ಗೋಡೆಯ ಎರಡೂ ಬದಿಯ ಅಂಗಳಗಳಿಂದ ಒಂದೇ ಗಳಿಗೆಯಲ್ಲಿ ಹಾರಿಹೋದ ಅದೇ ಕಾಗೆ. ಊರಿನವರೆಲ್ಲ ನನ್ನ ಅಕ್ಕನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಬೆಳೆದ ಗಿಡದ ಮುಂದೆ ನಿಂತು ಹೆಸರು ಹೇಳಿದರೂ ನೆರಳು ಬರುತ್ತದೆ ಎಂದು ನಮಗಾರಿಗೂ ಹೊಳೆದಿರಲಿಲ್ಲ. ಬೇರೆಯವರು ನೀರು ಹಾಕಿ ಬೆಳೆಸಿದ ಗಿಡಕ್ಕೆ ಹೋಗಿ ಹೆಸರು ಹೇಳುವಂಥವರನ್ನು ನಾವು ಕಂಡಿದ್ದರಲ್ಲವೇ?

ನೆರಳು ತೆಳುವಾಗುತ್ತಿದೆ ಎಂಬ ದೂರು ಈಗ ಎಲ್ಲ ಮನೆಗಳಿಂದಲೂ ಬರತೊಡಗಿತ್ತು. ಬೇಸಿಗೆಯಲ್ಲಿ ಎಲೆ ಉದುರುವುದು ಸಹಜ, ಚಿಂತೆ ಬೇಡ ಎಂದು ಕಂಪನಿ ಹೇಳಿ ಕಳಿಸಿತು. ಜೊತೆಗೆ ಎರಡು ಎಲೆಯ ಚಿತ್ರವಿದ್ದ ಹೊಸ ಸೋಪನ್ನೂ ಕಳಿಸಿತು. ಇದನ್ನು ಕೊಂಡರೆ ಒಬ್ಬರ ಹೆಸರಿನಲ್ಲಿ ಎರಡು ಗಿಡ. ಜನ ಮುಗಿಬಿದ್ದು ಕೊಂಡರು, ನೆರಳು ಇನ್ನೂ ತೆಳುವಾಯಿತು. ತೆಳುವಾದಷ್ಟೂ ಕೊಂಡರು. ಇಷ್ಟು ಸ್ವಚ್ಛವಾದ ಊರು ಸುತ್ತಮುತ್ತ ಎಲ್ಲೂ ಇರಲಿಲ್ಲ, ಬೆವರಿಳಿಸಿಕೊಂಡು ದಿನಕ್ಕೆರಡು ಸಲ ಮೈ ತೊಳೆಯುತ್ತಿದ್ದೆವು.

ನಾನು ಗುರುಪಾದನ ಹತ್ತಿರ ಹೋಗಿ ಕಂಡದ್ದನ್ನು ಹೇಳಿದೆ. ಅವನು ಮೊದಲು ಸಿಟ್ಟಾದ. "ನನ್ನ ಮಾತ ನಂಬಿ ತಗೊಂಡಾರ ಮಂದಿ. ನಾ ಮೋಸಾ ಮಾಡೀನಿ ಅಂತೀಯೇನ ನೀ?" ಎಂದ. ಆಮೇಲೆ ನನ್ನ ಕೈ ಹಿಡಿದು ನಮ್ಮ ಮನೆಗೆ ಬಂದು, ಬೇವಿನ ಮಸುಕು ನೆರಳನ್ನು ಬಹಳ ಹೊತ್ತು ನೋಡಿದ. ನಾನು ನೋಡು ಎಂದದ್ದರಿಂದ ನೋಡಿದ. ಮುರಿದ ಟೊಂಗೆಯ ಮೇಲೆ ಕಣ್ಣು ನಿಂತಿತು. ಅವನ ಮನೆಯ ನೆರಳನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? "ನಾಳೆ ಆಫೀಸಿಗೆ ಹೋಗೂಣು" ಎಂದಷ್ಟೇ ಹೇಳಿ ಹೋದ.

ಕಂಪನಿಯ ಆಫೀಸು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಒಬ್ಬ ಮೇಡಂ ಇದ್ದರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಗಿಡ, ಗೋಡೆಯ ಮೇಲೆ ಕಾಡಿನ ಫೋಟೋ. ನಮಗೆ ತಣ್ಣಗಿನ ನೀರು ಕೊಟ್ಟು, "ನಿಮ್ಮ ಗಿಡಗಳೆಲ್ಲ ಅಲ್ಲಿ ಸುರಕ್ಷಿತವಾಗಿವೆ" ಎಂದು ಫೋಟೋ ತೋರಿಸಿದರು. ಅದರಲ್ಲಿ ಬೇವಿನ ಗಿಡ ಒಂದೂ ಇರಲಿಲ್ಲ.

"ಮೇಡಮ್ಮರ, ಇರೂದು ಒಂದ ಗಿಡ. ಅದೂ ನಮ್ಮಕ್ಕಂದು," ಎಂದೆ. "ನಿಮ್ಮ ಸೋಪಿನ ಸುದ್ದಿ ನನಗ ಬ್ಯಾಡ. ಊರಾಗ ನಾ ತುಟಿ ಎರಡ ಮಾಡೂದಿಲ್ಲ. ಆ ಗಿಡಾ ಎಲ್ಲಿ ಐತಿ, ಅದೊಂದು ಹೇಳಿಬಿಡ್ರಿ."

ಗುರುಪಾದ ತಿರುಗಿ ನನ್ನನ್ನು ನೋಡಿದ. ನೋಡಲಿ. ಊರಿನ ಹಿತ, ಸತ್ಯ, ಅದೆಲ್ಲ ಆ ಹೊತ್ತಿನಲ್ಲಿ ನನಗೆ ಬೇಕಿರಲಿಲ್ಲ. ನನಗೆ ಅಕ್ಕ ಬೇಕಿದ್ದಳು.

ಮೇಡಂ ಎದ್ದು ಬಾಗಿಲು ಮುಚ್ಚಿ, "ನಿಜ ಹೇಳಬೇಕೆಂದರೆ ನಾವು ಗಿಡ ನೆಡುವುದಿಲ್ಲ, ನೆಡುವವರಿಗೆ ಹೆಸರು ಕಳಿಸುತ್ತೇವೆ" ಎಂದರು. ಅವರಿಗೆ ಫೋನು ಹಚ್ಚಿದರು. ಅವರೂ ನೆಡುವುದಿಲ್ಲ, ಇನ್ನೊಬ್ಬರಿಗೆ ಕಳಿಸುತ್ತಾರೆ. ಆ ಇನ್ನೊಬ್ಬರು, "ನಮ್ಮವನೊಬ್ಬ ಇದ್ದಾನೆ, ಗಿಡದ ಮುಂದೆ ನಿಂತು ಹೆಸರು ಓದಿ ಬರುತ್ತಾನೆ. ಎಷ್ಟು ಗಿಡ ಅಂತ ನಾವು ಕೇಳಿಲ್ಲ. ನೆರಳು ಬಿದ್ದಿದೆಯಲ್ಲ?" ಎಂದರು. ಕಡೆಗೆ ಅವನೇ ಫೋನಿನಲ್ಲಿ ಸಿಕ್ಕಿದ. ಮೇಡಂ ಎಷ್ಟು ಕೇಳಿದರೂ, ದಟ್ಟ ಕಾಡು ಮೇಡಂ, ಸಾವಿರಾರು ಗಿಡ ಎಂದೇ ಹೇಳಿದ. ಒಂದೇ ಗಿಡ ಎಂದು ಒಪ್ಪಿದರೆ ಅವನ ಕೆಲಸ ಹೋಗುತ್ತಿತ್ತು. ನಾನು ಫೋನು ಕಸಿದುಕೊಂಡು, "ಯಪ್ಪಾ, ನಿನ್ನ ಕಾಲ ಬೀಳ್ತೀನಿ, ಆ ಬೇವಿನ ಗಿಡದ ಮನಿ ಯಾವ ಊರಾಗೈತಿ?" ಎಂದೆ. ಅತ್ತ ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬೇವು ಎಂದು ನಾನು ಹೇಳಿದ್ದೆ, ಅವನು ಹೇಳಿರಲಿಲ್ಲ. ಫೋನು ಕಟ್ ಆಯಿತು, ಮತ್ತೆ ಹತ್ತಲಿಲ್ಲ.

ಮೇಡಮ್ಮಿಗೆ ಬೇಸರವಾಗಿತ್ತು, ಅದು ನಾಟಕವಲ್ಲ. ನಮ್ಮಿಬ್ಬರಿಗೂ ಒಂದೊಂದು ಡಬ್ಬಿ ಸೋಪು ಕೊಡಲು ಬಂದರು. ನಾವು ತೆಗೆದುಕೊಳ್ಳಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಗುರುಪಾದ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಬಹಳ ದೂರ ಬಂದ ಮೇಲೆ, "ಭರಮಾ, ಅಂವ ಹೆಸರ ಓದೂ ಮುಂದ ನಿಮ್ಮಕ್ಕ ಅಲ್ಲೇ ಬಾಗಲಾಗ ನಿಂತಿರ್ತಾಳಲ್ಲೋ," ಎಂದ. ನಾನು ಅದನ್ನು ಯೋಚಿಸಿರಲಿಲ್ಲ. ಯಾರೋ ಅಪರಿಚಿತ ಬಂದು ಅವಳ ಗಿಡದ ಮುಂದೆ ನಿಂತು ಗಟ್ಟಿಯಾಗಿ ಹೆಸರುಗಳನ್ನು ಓದುತ್ತಾನೆ. ಫಕೀರವ್ವ. ಗುರುಪಾದ. ಹಿಂದಿನ ಓಣಿಯವರು, ಮುಂದಿನ ಓಣಿಯವರು, ಅವಳ ಜೊತೆ ನೀರಿಗೆ ಹೋಗುತ್ತಿದ್ದವರು. ಬಿಟ್ಟುಬಂದ ಊರು ಪೂರಾ ಅವಳ ಬಾಗಿಲಿಗೆ ಬಂದು ಹಾಜರಿ ಹಾಕುತ್ತದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಂದೊಂದೂ ಹೆಸರನ್ನು ಕೇಳಿಸಿಕೊಂಡಿರುತ್ತಾಳೆ. ಒಂದೇ ಒಂದು ಹೆಸರಿಗಾಗಿ ಕಾದಿರುತ್ತಾಳೆ. ನಾನು ಸೋಪು ಕೊಂಡವನಲ್ಲ, ನನ್ನ ಹೆಸರು ಬಂದಿರುವುದಿಲ್ಲ. ಊರೆಲ್ಲ ಇದೆ, ತಮ್ಮ ಇಲ್ಲ ಎಂದು ಅವಳು ಏನು ತಿಳಿದಿರಬೇಕು? ಬಸ್ಸಿನಲ್ಲಿ ಜನ ನೋಡುತ್ತಿದ್ದಾರೆ ಎಂಬ ಖಬರೂ ಇಲ್ಲದೆ ನಾನು ಅತ್ತುಬಿಟ್ಟೆ.

ಊರಿಗೆ ಬಂದ ದಿನವೇ ಗುರುಪಾದ ಮನೆಮನೆಗೆ ಹೋಗಿ ತಾನು ಮಾರಿದ್ದು ಏನು ಎಂದು ಹೇಳಿ ಬಂದ. ಕೆಲವರು ಅವನನ್ನು ಬೈದರು, ಕೆಲವರು ನಂಬಲಿಲ್ಲ, ಬಹಳಷ್ಟು ಜನ ಕೇಳಿಸದವರ ಹಾಗೆ ಬಾಗಿಲು ಹಾಕಿಕೊಂಡರು. ತೆಳುವಾದರೇನು, ನೆರಳು ನೆರಳೇ. ಫಕೀರವ್ವ ಅವನನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮಿಕ್ಕ ಸೋಪನ್ನು ಕಂಪನಿಗೆ ಹಿಂದಿರುಗಿಸಲು ಅವನು ಗಂಟು ಕಟ್ಟುತ್ತಿದ್ದಾಗ ನಾನು ಹೋದೆ.

"ಒಂದು ಕೊಡು," ಎಂದೆ. "ನನ್ನ ಹೆಸರ ಬರಿ."

ಅವನು ಕಣ್ಣು ಬಿಟ್ಟ. "ಹುಚ್ಚ ಹಿಡದೈತೇನ? ಇದ್ದದ್ದೂ ತೆಳ್ಳಗಾಗತೈತಿ."

"ಆಗ್ಲಿ ಬಿಡು. ಆಕಿ ಕಿವಿಗೆ ಬೀಳ್ಲಿ."

ಸುಳ್ಳು ಎಂದು ತಿಳಿದೂ ತಿಳಿದೂ ಆ ಸೋಪು ಕೊಂಡವನು ಊರಿಗೆ ನಾನೊಬ್ಬನೇ. ಗುರುಪಾದ ಬರಿ ಭರಮಪ್ಪ ಎಂದು ಬರೆಯದೆ, ಅಪ್ಪನ ಹೆಸರು, ಓಣಿಯ ಹೆಸರು ಎಲ್ಲ ಸೇರಿಸಿ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ. ನಾನು ಯಾಕೆ ಕೊಂಡೆ ಎಂಬುದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಆಮೇಲೆ ನಾನು ಕಾದೆ. ನೆರಳು ಈಗ ಇದೆಯೋ ಇಲ್ಲವೋ ಅನ್ನುವಷ್ಟಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಮೊಣಕಾಲೂರಿ ಕಲ್ಲಿಗೆ ಮುಖ ಹತ್ತಿರ ತಂದರೂ ಕೈ ಎಲ್ಲಿ, ಕಲ್ಲಿನ ಕಲೆ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ನೀಲವ್ವ ನನ್ನ ಬೆನ್ನಿಗೆ ಕೊಡೆ ಹಿಡಿದು ನಿಲ್ಲುತ್ತಿದ್ದಳು. ನನಗೆ ಏನೂ ಕಾಣದ ದಿನಗಳು ಹೋದವು. ಬುದ್ಧಿಗೇಡಿ, ಇದ್ದ ಕೈಯನ್ನೂ ಕಳೆದುಕೊಂಡೆಯಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಫಕೀರವ್ವ. ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಆ ವಯಸ್ಸಿನ ಹೆಂಗಸು ಓಡಿದ್ದನ್ನು ನಾನು ನೋಡಿರಲಿಲ್ಲ.

"ಭರಮಾ, ಆಕಿ ಇವತ್ತ ಸೀರಿ ಹಾಕವಲ್ಲಳೋ," ಎಂದಳು. "ಕೈ ಚಾಚ್ಯಾಳ. ಅಂಗೈ ಬಿಚ್ಚಿ ಹಿಡದಾಳ. ನಾ ಕಣ್ಣಿಗೆ ಬಿಸಲ ಬಡೀದಂಗ ತಲಿ ಮ್ಯಾಲೆ ಚಾದರ ಹಾಕ್ಕೊಂಡು, ಕಣ್ಣಿಟ್ಟು ನೋಡೀನಿ, ಖರೇನ. ನನ್ನ ಹೆಸರ ಕೇಳಿದ್ದ ದಿನಾನೂ ಆಕಿ ಹಿಂಗ ಮಾಡಿದ್ದಿಲ್ಲ. ಯಾರಿಗೂ ಮಾಡಿದ್ದಿಲ್ಲ. ನಿಮ್ಮಕ್ಕ ನಿನ್ನ ಹೆಸರ ಕೇಳ್ಯಾಳೋ."

ನಿಮ್ಮಕ್ಕ ಎಂದಳು. ನಾನು ಅಂಗಳಕ್ಕೆ ಓಡಿ ನೆಲಕ್ಕೆ ಬಿದ್ದು ನೋಡಿದೆ. ನನಗೆ ಕಾಣಲಿಲ್ಲ. "ಕಾಣವಲ್ದತ್ತಿ," ಎಂದೆ, ಸಣ್ಣ ಹುಡುಗನ ಹಾಗೆ. "ನನಗ ಕಾಣವಲ್ದು."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ತಿರುಗಿ ತನ್ನ ಮನೆಗೆ ಹೋದಳು. ಗೋಡೆಯಾಚೆ ಅವಳ ಅಂಗಳದಲ್ಲಿ ಕಸಬರಿಗೆ ಕಲ್ಲಿನ ಮೇಲೆ ಉಜ್ಜುವ ಸದ್ದು ಕೇಳಿಸಿತು. ನಿಧಾನವಾಗಿ, ಮೂಲೆಯಿಂದ ಹೊಸ್ತಿಲಿನವರೆಗೆ, ಒಮ್ಮೆಯೂ ನಿಲ್ಲದೆ. ಆಮೇಲೆ ಅವಳು ಬೀದಿಗೆ ಬಂದು ತನ್ನ ಗಂಡುಮಕ್ಕಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಅವರ ಹೆಂಡಂದಿರನ್ನು ಕರೆದಳು. ಬೈದಳೋ ಬೇಡಿಕೊಂಡಳೋ ನನಗೆ ಗೊತ್ತಾಗಲಿಲ್ಲ, ದನಿ ಮಾತ್ರ ಒಡೆದುಹೋಗಿತ್ತು. ಆ ದನಿ ಕೇಳಿ ಬಂದ ಗುರುಪಾದ ಮಿಕ್ಕವರನ್ನು ಕರೆಯಲು ಓಣಿಯ ಆ ತುದಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಕಸಬರಿಗೆ ಕೇಳಿಸಿತು, ಅದರ ಪಕ್ಕದಲ್ಲಿ, ಹಿಂದಿನ ಓಣಿಯಲ್ಲಿ. ಎಲ್ಲರೂ ಗುಡಿಸಿದರು ಎಂದು ಹೇಳಲಾರೆ. ಕೆಲವು ಬಾಗಿಲುಗಳು ತೆರೆಯಲಿಲ್ಲ, ಅವರನ್ನು ನಾನು ಇಂದಿಗೂ ದೂರುವುದಿಲ್ಲ.

ನನ್ನ ಎದುರಿನ ಕಲ್ಲು ಕಪ್ಪಾಗತೊಡಗಿತು. ಮೊದಲು ಕಾಂಡ ಬಂತು, ಮುರಿದ ಟೊಂಗೆ ಬಂತು, ಒಂದೊಂದೇ ಎಲೆಗೆ ಗರಗಸದ ಅಂಚು ಮೂಡಿತು. ಬೆನ್ನ ಮೇಲಿನ ಉರಿ ಇಳಿಯಿತು. ಅಂಚಿನಾಚೆ, ನಾನು ಕೂತಿದ್ದ ಕಡೆಗೇ ಚಾಚಿ, ಬಿಚ್ಚಿದ ಅಂಗೈ ಇತ್ತು. ಮೊದಲಿಗಿಂತ ಬಹಳ ಬಡವಾಗಿತ್ತು ಆ ಕೈ. ಕಿರುಬೆರಳು ಡೊಂಕಾಗಿ ಪಕ್ಕಕ್ಕೆ ನಿಂತಿತ್ತು.

ಬಾಗಿಲಲ್ಲಿ ಜನ ಬಂದು ನಿಂತರು. ಎಲ್ಲರೂ ರೂಢಿಯಂತೆ ತಲೆ ತಗ್ಗಿಸಿದ್ದರು. ನಾನು ಅಕ್ಕನ ಅಂಗೈಯಲ್ಲಿ ನನ್ನ ಕೈ ಇಟ್ಟೆ. ಇಲ್ಲಿಂದ ಅಲ್ಲಿಗೆ ಏನೂ ಹೋಗುವುದಿಲ್ಲ, ನೆರಳು ಬರುವುದು ಒಂದೇ ದಾರಿಯಲ್ಲಿ. ನಾನು ಇಟ್ಟೆನೋ ಇಲ್ಲವೋ ಎಂದು ತಿಳಿಯಲು ಅವಳಿಗೆ ದಾರಿಯೇ ಇರಲಿಲ್ಲ. ಆದರೂ ಅವಳು ಬಿಸಿಲು ನೆತ್ತಿಗೆ ಬರುವವರೆಗೆ ಕೈ ತೆಗೆಯಲಿಲ್ಲ.